ಜೂನ್ ಒಂದರಂದು ಹುಟ್ಟಿದವರು

ನಮ್ಮ ಸಹಕಾರ ಸಂಘದ ನೌಕರರಲ್ಲಿ ಹನ್ನೊಂದು ಜನ ಜೂನ್ ಒಂದರಂದೇ ಹುಟ್ಟಿದವರು. ನಗಬೇಡಿ. ಚಾಮರಾಜನಗರದ ಸುತ್ತ ನಮ್ಮ ಕಾಲದಲ್ಲಿ ಮಗುವನ್ನು ಸ್ಕೂಲಿಗೆ ಸೇರಿಸಲು ಬಂದ ಹೆತ್ತವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ. ಸ್ಕೂಲು ಶುರುವಾಗುವ ತಿಂಗಳ ಮೊದಲ ದಿನವನ್ನೇ ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ನಾನೂ ಆ ಹನ್ನೊಂದರಲ್ಲಿ ಒಬ್ಬ. ಕಸ ಗುಡಿಸುವ, ಉಡಿಗಾಲ ಎಂಬ ಊರಿನ ಸುಂದ್ರಮ್ಮನೂ ಒಬ್ಬಳು.

ಕಂಪ್ಯೂಟರ್ ನೋಡಿಕೊಳ್ಳುವವನು ಹರವೆಯ ಶಾಂತರಾಜು. ಮೂವತ್ತು ವರ್ಷದ ಹಿಂದೆ ಫಾಕ್ಸ್‌ಪ್ರೊ ಎಂಬ ಕಂಪ್ಯೂಟರ್ ಭಾಷೆ ಕಲಿತು ಅವನು ಬರೆದ ಪ್ರೋಗ್ರಾಮೇ ಇವತ್ತಿಗೂ ನಮ್ಮ ನಿವೃತ್ತಿಯ ಪಟ್ಟಿ ತೆಗೆಯುತ್ತದೆ. ಊಟದ ಡಬ್ಬಿಯ ಮುಚ್ಚಳವನ್ನೂ ಎರಡು ಸಲ ಒತ್ತಿ ನೋಡುವ ಪ್ರಾಣಿ ಎಂದು ನಾನು ರೇಗಿಸುತ್ತಿದ್ದೆ. ಅಂಥವನೇ ಎಡವಿದ. ಆ ಭಾಷೆ ಅಮೆರಿಕದವರ ರೂಢಿಯಂತೆ ತಿಂಗಳನ್ನು ಮೊದಲು ಓದುತ್ತದೆ. ದಿನ ಮೊದಲು ಎಂದು ನಾವೇ ಒಂದು ಸಾಲಿನಲ್ಲಿ ಹೇಳಬೇಕು. ಹೊಸ ಕಂಪ್ಯೂಟರಿಗೆ ದಾಖಲೆ ತುಂಬುವಾಗ ಆ ಸಾಲು ಬಿಟ್ಟುಹೋಯಿತು. 25/06 ಎಂದಿದ್ದ ಕಡೆ, ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ, ಜಾಗ ಖಾಲಿ ಬಿತ್ತು. ಅಂಥವನ್ನು ಕೈಯಲ್ಲೇ ತಿದ್ದಿದ. ಹೇಗೆ ಓದಿದರೂ ತಾರೀಖೇ ಆಗುವ 01/06 ಮಾತ್ರ ಸದ್ದಿಲ್ಲದೆ ಜನವರಿ ಆರಾಯಿತು. ಹನ್ನೊಂದು ಜನ ಒಂದೇ ದಿನ ಹುಟ್ಟಿದ್ದಾರೆಂದರೆ ಬೇರೆ ಕಡೆ ಅನುಮಾನ ಬರುತ್ತಿತ್ತು. ನಮಗೆ ಅದು ಮಾಮೂಲು.

ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗುವುದು ನಿಯಮ; ಸುಂದ್ರಮ್ಮ ಮೇ ಕೊನೆಯವರೆಗೆ ಇರಬೇಕಿತ್ತು. ಏಪ್ರಿಲ್‌ನಲ್ಲಿ ಅವಳ ಕಾಯಂ ಕೆಲಸಕ್ಕೆ ಹತ್ತು ವರ್ಷ ತುಂಬಿ, ಸಂಘದ ಪಿಂಚಣಿ ಸಿಗುತ್ತಿತ್ತು. ಜನವರಿ ಮೂವತ್ತೊಂದಕ್ಕೇ ಹಾರ ಹಾಕಿ ಕಳಿಸಿಬಿಟ್ಟೆವು. ಹಾರ ತಂದವನು ನಾನೇ.

ಫೆಬ್ರವರಿಯಲ್ಲಿ ನನ್ನ ನಿವೃತ್ತಿಯ ತಾರೀಖು ಕೇಳಲು ಹೋದಾಗ ನನ್ನದೂ ಜನವರಿ ಎಂದು ಬಂದು ತಪ್ಪು ಗೊತ್ತಾಯಿತು. ಶಾಂತರಾಜು ಮ್ಯಾನೇಜರ ಮುಂದೆ ನಿಂತು ಒಪ್ಪಿಕೊಂಡ. ಆಡಳಿತ ಮಂಡಳಿಯ ಸಭೆಯಲ್ಲಿ ಪಾಸಾದ ನಿವೃತ್ತಿಯನ್ನು ಸುಮ್ಮನೆ ಬದಲಿಸಲಾಗದು, ಅವಳೇ ಅರ್ಜಿ ಕೊಟ್ಟರೆ ನೋಡೋಣ ಎಂದರು ಅವರು. ಅರ್ಜಿ ಬರೆದುಕೊಂಡು ಇಬ್ಬರೂ ಉಡಿಗಾಲಕ್ಕೆ ಹೋದೆವು.

“ತಪ್ಪು ನಂದು ಕಣವ್ವ. ಇಲ್ಲೊಂದು ರುಜು ಆಕ್ಬುಡು,” ಎಂದ ಶಾಂತರಾಜು.

ಸುಂದ್ರಮ್ಮ ನಮಗೆ ಕಾಫಿ ಕೊಟ್ಟಳು. ಕಾಗದ ಮುಟ್ಟಲಿಲ್ಲ.

“ನಾ ಉಟ್ಟಿದ್ದು ಸಂಕ್ರಾಂತಿ ಸುಗ್ಗೀಲಿ ಅಂತ ನಮ್ಮವ್ವ ಏಳೋಳು ಸಾರ್. ಮೇಷ್ಟ್ರು ಬರ್ದಿದ್ದೇ ಸುಳ್ಳು, ನಿಮ್ ಮಿಸಿನ್ನು ನಿಜ ಇಡ್ದುಬುಡ್ತು. ಕೆದಕಕ್ಕೋದ್ರೆ ಕೊಟ್ಟಿರದ್ನೂ ಕಿತ್ಕೊಂಡಾರು. ಬುಟ್ಬುಡಿ.”

ಸುಗ್ಗಿಗೂ ಇದಕ್ಕೂ ಸಂಬಂಧವಿಲ್ಲ, ದಾಖಲೆಯಲ್ಲಿ ಇದ್ದದ್ದೇ ಲೆಕ್ಕ ಎಂದು ಒಂದು ಗಂಟೆ ಬಿಡಿಸಿ ಹೇಳಿದೆವು. ಅರವತ್ತು ವರ್ಷ ಮನಸ್ಸಿನಲ್ಲಿದ್ದ ಆ ಹೆದರಿಕೆಯ ಮುಂದೆ ನಮ್ಮ ಮಾತು ನಡೆಯಲಿಲ್ಲ. ನನಗೆ ಅಳು ಬಂತು.

ಮಾರನೆಯ ದಿನ ಶಾಂತರಾಜು ಆ ಒಂದು ಸಾಲು ಸೇರಿಸಿ ದಾಖಲೆಯನ್ನು ಮತ್ತೆ ತುಂಬಿದ. ಎರಡು ಸಲ ನೋಡಿದ. ಹತ್ತು ಜನರ ತಾರೀಖು ಜೂನ್ ಒಂದಕ್ಕೆ ಮರಳಿತ್ತು. ನೌಕರರ ಪಟ್ಟಿಯಲ್ಲಿ ಸುಂದ್ರಮ್ಮನ ಹೆಸರಿರಲಿಲ್ಲ.