ಮನೆಯವಳು, ಸಹಿಸಿಕೊಳ್ಳುತ್ತಾಳೆ

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅವಳು ಓಡಿಸುತ್ತಿದ್ದುದು ಎಲೆಕ್ಟ್ರಿಕ್ ಕಾರು. ಹೊರಟದ್ದೇ ಗೊತ್ತಾಗದಷ್ಟು ಮೆತ್ತಗೆ ಹೊರಡುವ ಗಾಡಿ. ಹೊಸದಾಗಿ ಹತ್ತಿದವರು ಗಾಬರಿಯಾಗಿ, "ಸ್ಟಾರ್ಟ್ ಆಗಲಿಲ್ವಾ?" ಎಂದು ಕೇಳುವ ಹೊತ್ತಿಗೆ ಗಾಡಿ ಬೀದಿಯ ತಿರುವು ದಾಟಿರುತ್ತಿತ್ತು. "ಇದು ಸದ್ದು ಮಾಡಲ್ಲ, ಆ ಕೊರತೆ ನಾನು ತುಂಬಿಕೊಡ್ತೀನಿ" ಎಂದು ಹೇಳಿ ಅವಳು ಮಾತು ಶುರು ಮಾಡಿದರೆ ಇಳಿಯುವವರೆಗೂ ನಿಲ್ಲುತ್ತಿರಲಿಲ್ಲ. ಅವಳ ಮಾತು ಕೇಳಲೆಂದೇ ಫೋನ್ ಮಾಡಿ ಕರೆಸಿಕೊಳ್ಳುವ ಗಿರಾಕಿಗಳೂ ಇದ್ದರು.

ಮೊದಲು ಗಂಡ ಟ್ಯಾಕ್ಸಿ ಓಡಿಸುತ್ತಿದ್ದ. ಅವನು ಕಾಯಿಲೆ ಬಿದ್ದಾಗ ಇವಳು ಸ್ಟೀರಿಂಗ್ ಹಿಡಿದಳು. ಅವನು ತೀರಿಕೊಂಡ ಮೇಲೆ ಅದನ್ನೇ ಕಸುಬು ಮಾಡಿಕೊಂಡಳು. ಎರಡು ಕೋಣೆಯ ಮನೆಯಲ್ಲಿ ಉಳಿದವರು ಇಬ್ಬರು: ಅವಳು, ಅವಳ ಮಾವ. ಮಗನೇ ಇಲ್ಲದ ಮೇಲೆ ಮಾವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಎಂದು ನೆಂಟರೊಬ್ಬರು ಕೇಳಿದ್ದಕ್ಕೆ, "ಮಗ ಹೋದ ಅಂತ ಸೊಸೆ ಕೆಲಸಕ್ಕೆ ರಾಜೀನಾಮೆ ಕೊಡೋಕಾಗುತ್ತಾ?" ಎಂದು ಬಾಯಿ ಮುಚ್ಚಿಸಿದ್ದಳು.

ಮಾವ ಜೀವನವೆಲ್ಲ ಕನ್ನಡಕದ ಅಂಗಡಿಯಲ್ಲಿ ದುಡಿದವರು. ಎದುರಿಗೆ ಗಾಜು ಕಂಡರೆ ಒರೆಸದೆ ಇರಲಾರರು. ಸೊಸೆ ಹೊಸ ಕಾರು ತಂದ ಮಾರನೆಯ ಬೆಳಗ್ಗೆಯೇ ಬಕೆಟ್ಟು, ಎರಡು ಬಟ್ಟೆ ಹಿಡಿದು ಕೆಳಗಿಳಿದರು. ಒಂದು ಬಟ್ಟೆ ಮೈಗೆ, ಇನ್ನೊಂದು ಗಾಜಿಗೆ. ಕೊನೆಗೆ ಪಕ್ಕದ ಕನ್ನಡಿಯ ಮೇಲೆ "ಹಾ" ಎಂದು ಉಸಿರು ಬಿಟ್ಟು, ಅಂಗಿಯ ತುದಿಯಿಂದ ಒರೆಸಿ, ತಲೆ ಓರೆ ಮಾಡಿ ನೋಡುತ್ತಿದ್ದರು. ಮಗ ಹೋದ ಮೇಲೆ ಮಂಕಾಗಿ ಕೂತಿದ್ದ ಮನುಷ್ಯ ಈ ನೆಪದಲ್ಲಾದರೂ ಮೆಟ್ಟಿಲು ಇಳಿದು ಹತ್ತುವಂತಾಯಿತಲ್ಲ ಎಂದು ಅವಳಿಗೂ ಸಮಾಧಾನವಿತ್ತು.

ಆ ಕಾರನ್ನೇ ಕೊಳ್ಳು ಎಂದು ಹೇಳಿದವನು ಅವಳ ಭಾವ, ಅಕ್ಕನ ಗಂಡ. ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅವನು ಮೇಲ್ವಿಚಾರಕ. ಸದಾ ಕಿವಿಯ ಮೇಲೊಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ. "ನಾನಿಲ್ವಾ? ನಿನ್ನ ಗಾಡಿ ನನ್ನ ಗಾಡಿ ಇದ್ದ ಹಾಗೆ" ಎಂದಿದ್ದ. ಅವಳಿಗೆ ತವರು ಎಂದು ಉಳಿದಿದ್ದುದು ಅಕ್ಕನ ಮನೆಯೊಂದೇ. ಭಾವನ ಮಾತಿಗೆ ಎರಡನೇ ಮಾತು ಅವಳಲ್ಲಿರಲಿಲ್ಲ.

ಎರಡು ವರ್ಷ ಗಾಡಿ ಹೂವಿನ ಹಾಗೆ ಓಡಿತು. ಮೂರನೆಯ ವರ್ಷದ ಬಿಸಿಲಿನಲ್ಲಿ ಬಾಗಿಲುಗಳ ಸುತ್ತಲಿನ ರಬ್ಬರ್ ಪಟ್ಟಿ ಹದ ತಪ್ಪತೊಡಗಿತು. ಮೊದಲು ಅಂಟಂಟಾಯಿತು. ಮಧ್ಯಾಹ್ನ ಬಾಗಿಲು ತೆರೆದರೆ ಗಾಯದ ಪಟ್ಟಿ ಕಿತ್ತಂತೆ ಸದ್ದು. ಆಮೇಲೆ ಅಂಚಿನಲ್ಲಿ ಬಿರುಕು ಬಿಟ್ಟು ಕಪ್ಪು ಪುಡಿ ಉದುರಿತು. ವೇಗ ಹೆಚ್ಚಿಸಿದರೆ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಎಂಜಿನ್ ಸದ್ದಿರುವ ಗಾಡಿಯಲ್ಲಾದರೆ ಅದು ಮುಚ್ಚಿಹೋಗುತ್ತಿತ್ತೇನೋ, ಇಲ್ಲಿ ಕಿವಿಯ ಪಕ್ಕದಲ್ಲೇ ಯಾರೋ ಊದಿದಂತೆ. ಒಂದು ಜೋರು ಮಳೆಗೆ ನೀರು ಒಳಗಿಳಿದು ಕಾಲಡಿಯ ಮ್ಯಾಟ್ ತೊಪ್ಪೆಯಾಯಿತು.

ಇದನ್ನೆಲ್ಲ ಅವಳು ಹೇಗೋ ನಿಭಾಯಿಸಿದಳು. ನಿಭಾಯಿಸಲಾಗದ್ದು ಒಂದು ಬೆಳಗ್ಗೆ ನಡೆಯಿತು. ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದ ಹುಡುಗಿಯೊಬ್ಬಳು ತಿಳಿ ಹಳದಿ ಅಂಗಿ ತೊಟ್ಟು ಹಿಂದೆ ಕೂತಿದ್ದಳು. ಇಳಿಯುವಾಗ ತೋಳು ಬಾಗಿಲಿಗೆ ಒರಸಿ ಭುಜದಿಂದ ಮೊಣಕೈವರೆಗೆ ಕಪ್ಪು ಗೀಟು ಬಿತ್ತು. ನೀರು ಹಾಕಿ ಉಜ್ಜಿದಷ್ಟೂ ಹರಡಿತು. ಹುಡುಗಿ ಅಳುವುದಕ್ಕೇ ಶುರು ಮಾಡಿದಳು. ಇವಳು ಗಾಡಿಯ ಎ.ಸಿ.ಯ ಚಳಿಗೆಂದು ತಾನು ತೊಟ್ಟಿದ್ದ ಸ್ವೆಟರ್ ಬಿಚ್ಚಿ ಅವಳಿಗೆ ಹಾಕಿ ಕಳಿಸಿದಳು. ಆ ಸೆಕೆಯಲ್ಲಿ ಸ್ವೆಟರ್ ತೊಟ್ಟು ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ ಹುಡುಗಿ ಮರೆಯಾಗುವವರೆಗೂ ನೋಡುತ್ತಿದ್ದಳು. ನೇರವಾಗಿ ಭಾವನ ಹತ್ತಿರ ಹೋದಳು.

ಭಾವ ಬಾಗಿಲು ತೆಗೆದು ಪಟ್ಟಿಯ ಮೇಲೆ ಹೆಬ್ಬೆರಳು ಎಳೆದ. ಬೆರಳು ಕಪ್ಪಾಯಿತು. ಮೂಸಿ ನೋಡಿದ.

"ಗಾಡಿ ಯಾರು ತೊಳೆಯೋದು?"

"ನಮ್ಮ ಮಾವ."

"ಅದೇ ಮತ್ತೆ. ಪಾತ್ರೆ ಸೋಪೋ, ಬಾತ್‌ರೂಮಿನ ಆ್ಯಸಿಡ್ಡೋ ಏನೋ ಹಾಕಿರ್ತಾರೆ. ರಬ್ಬರ್ ಸತ್ತೇ ಹೋಗಿದೆ ನೋಡು. ಇದನ್ನ ಕಂಪನಿ ಒಪ್ಪಲ್ಲ. ನೀನು ಅಂತ ಹೇಳ್ತಿದೀನಿ, ಬೇರೆ ಯಾರಿಗೂ ತೋರಿಸೋಕೆ ಹೋಗಬೇಡ, ನಿನ್ನ ತಪ್ಪು ಅಂತಲೇ ಬರೀತಾರೆ." ಒಂದು ಡಬ್ಬಿ ಗ್ರೀಸು ಕೈಗಿಟ್ಟ. "ಆಗಾಗ ಹಚ್ಚು. ಇನ್ನು ಮೇಲೆ ಆ ಮುದುಕರ ಕೈಗೆ ಬಕೆಟ್ ಕೊಡಬೇಡ."

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದಳು: "ಮಾವ, ನಾಳೆಯಿಂದ ಗಾಡಿ ಮುಟ್ಟಬೇಡಿ."

ಮಾವ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಯಾಕಮ್ಮ?"

"ಸೋಪು ಹಾಕಿ ರಬ್ಬರೆಲ್ಲ ಹಾಳು ಮಾಡಿದೀರಂತೆ."

"ಬರೀ ನೀರು ಕಣಮ್ಮ. ನೀರು ಬಿಟ್ಟು ಬೇರೆ ಏನೂ ಹಾಕಿಲ್ಲ ನಾನು."

"ಹಾಗಾದ್ರೆ ಭಾವ ಸುಳ್ಳು ಹೇಳ್ತಾರಾ?"

ಮಾವ ಕನ್ನಡಕ ಮತ್ತೆ ಏರಿಸಿಕೊಂಡರು. ಆ ಸಂಜೆ ಎರಡು ಬಟ್ಟೆಗಳನ್ನೂ ಒಗೆದು, ಒಣಗಿಸಿ, ಮಡಿಸಿ, ಅವಳ ಕಾರಿನ ಕೀ ತೂಗುವ ಮೊಳೆಯ ಕೆಳಗಿನ ಮೇಜಿನ ಮೇಲೆ ಇಟ್ಟರು. ಬೆಳಗ್ಗೆ ಏಳುವುದನ್ನು ಮಾತ್ರ ಬಿಡಲಿಲ್ಲ. ಎದ್ದು, ಮುಖ ತೊಳೆದು, ಮಾಡಲು ಏನೂ ಇಲ್ಲದೆ ಕಿಟಕಿಯ ಬಳಿ ಕೂರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಪ್ಪು ಕಡಿಮೆ ಎಂದು ಮೊದಲಿನ ಹಾಗೆ ತಗಾದೆ ತೆಗೆಯುತ್ತಿರಲಿಲ್ಲ.

ಅವಳು ಗ್ರೀಸು ಹಚ್ಚಿದಳು. ಹಚ್ಚಿದ ದಿನ ರಬ್ಬರ್ ಮಿರಿಮಿರಿ ಮಿಂಚುತ್ತಿತ್ತು, ಆಮೇಲೆ ಮೊದಲಿಗಿಂತ ಹೆಚ್ಚು ಮೆತ್ತಿಕೊಳ್ಳುತ್ತಿತ್ತು. ಸೀಟಿಗೆ ಹಳೆಯ ಹೊದಿಕೆ ಹಾಸಿ, ಹತ್ತುವವರಿಗೆಲ್ಲ "ಬಾಗಿಲಿಗೆ ಒರಗಬೇಡಿ" ಎಂದು ಎಚ್ಚರಿಕೆ ಹೇಳುವುದೇ ಒಂದು ಕೆಲಸವಾಯಿತು. ಕಾಯಂ ಗಿರಾಕಿಗಳಲ್ಲಿ ಕೆಲವರು ಕಳಚಿಕೊಂಡರು.

ಸಂಕಟ ಹೇಳಿಕೊಳ್ಳಲು ಅಕ್ಕನ ಅಡುಗೆಮನೆ ಇತ್ತು. ತರಕಾರಿ ಹೆಚ್ಚುತ್ತ ಅಕ್ಕ ಕೇಳುತ್ತಿದ್ದಳು, ಇವಳು ಮಾವನ ಮೇಲೆ ಒಂದೊಂದೇ ದೂರು ಬಿಚ್ಚುತ್ತಿದ್ದಳು. ತಪ್ಪು ಒಪ್ಪಿಕೊಳ್ಳುವ ಬುದ್ಧಿಯೂ ಇಲ್ಲ, ಮೇಲಿಂದ ಮುಖ ಊದಿಸಿಕೊಂಡು ಕೂತಿದ್ದಾರೆ ಎಂದೂ ಹೇಳಿದಳು. "ವಯಸ್ಸಾದವರು ಹಾಗೇ ಕಣೇ, ಸಹಿಸ್ಕೋ" ಎಂದು ಅಕ್ಕ ತಂಗಿಯ ಬೆನ್ನು ಸವರಿ, ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಹೀಗೇ ತಿಂಗಳುಗಳು ಕಳೆದವು. ಒಂದು ದಿನ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಗಾಡಿಗೆ ವೈರು ಸಿಕ್ಕಿಸಿ ನಿಂತಿದ್ದಾಗ ಪಕ್ಕಕ್ಕೆ ಅದೇ ಮಾಡೆಲ್ಲಿನ, ಅದೇ ಬಣ್ಣದ ಕಾರು ಬಂತು. ಇಳಿದವರು ಒಬ್ಬ ಹಲ್ಲಿನ ಡಾಕ್ಟರು. ಅವರು ಬಾಗಿಲು ಹಾಕಿದ ಸದ್ದು ಅವಳ ಕಿವಿಗೆ ಬಿತ್ತು. ದಿಂಬಿನ ಮೇಲೆ ಕೈ ಬಿಟ್ಟಂತೆ, ಧಪ್. ಅವಳ ಗಾಡಿಯ ಬಾಗಿಲು ಆ ಸದ್ದು ಮರೆತು ಎಷ್ಟೋ ಕಾಲವಾಗಿತ್ತು.

"ಡಾಕ್ಟ್ರೇ, ನಿಮ್ಮ ರಬ್ಬರ್ ಚೆನ್ನಾಗಿದೆಯಲ್ಲ. ಏನು ಹಚ್ತೀರಿ?"

ಡಾಕ್ಟರು ನಕ್ಕರು. "ಏನೂ ಹಚ್ಚಲ್ಲ. ನಂದೂ ನಿಮ್ಮದರ ಹಾಗೇ ಕರಗಿಹೋಗಿತ್ತು. ಸರ್ವಿಸ್ ಸೆಂಟರಿಗೆ ಹೋಗಿ ಕೂಗಾಡಿದೆ. ನಾಲ್ಕೂ ಬಾಗಿಲಿಗೆ ಹೊಸದು ಹಾಕಿಕೊಟ್ರು, ಬಿಟ್ಟಿ. ಆ ವರ್ಷದ ಗಾಡಿಗಳಿಗೆ ಬಂದ ರಬ್ಬರೇ ಕಳಪೆಯಂತೆ. ಅಲ್ಲೊಬ್ಬ ಇದಾನಲ್ಲ, ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡು ಓಡಾಡೋನು, ಅವನೇ ಹೇಳಿದ."

"ಯಾವಾಗ ಹೇಳಿದ್ದು?"

"ಬೇಸಿಗೆ ಶುರುವಿನಲ್ಲಿ. ಯಾಕೆ, ನಿಮಗೆ ಹೇಳಲಿಲ್ವಾ?"

ಬೇಸಿಗೆ ಶುರುವಿನಲ್ಲಿ. ಅವಳು ಭಾವನ ಬಳಿ ಹೋದದ್ದು ಬೇಸಿಗೆ ಮುಗಿಯುತ್ತ ಬಂದಾಗ, ಮೊದಲ ಮಳೆ ಸುರಿದ ಮೇಲೆ. ಅವನು ಬೆರಳು ಎಳೆದು, ಮೂಸಿ, ಯಾರು ತೊಳೆಯೋದು ಎಂದು ಕೇಳಿದಾಗ ಅವನಿಗೆ ಎಲ್ಲ ಗೊತ್ತಿತ್ತು. ಅವಳು ಗಾಡಿಯೊಳಗೆ ಕೂತಳು. ಮುಂದಿನ ಗಿರಾಕಿಯ ಫೋನು ಬಂತು, ಎತ್ತಲಿಲ್ಲ. ಡಾಕ್ಟರು ಹೊರಡುವಾಗ ಕೈ ಬೀಸಿದರು, ಅದೂ ಅವಳಿಗೆ ಕಾಣಲಿಲ್ಲ. ಬರೀ ನೀರು ಕಣಮ್ಮ ಎಂದ ಮಾತೊಂದೇ ಕಿವಿಯಲ್ಲಿತ್ತು.

ಸರ್ವಿಸ್ ಸೆಂಟರಿನಲ್ಲಿ ಭಾವ ಅವಳ ಮುಖ ನೋಡಿದ ಕೂಡಲೇ ಅರ್ಥ ಮಾಡಿಕೊಂಡನೋ ಏನೋ, ಹಳೆಯ ಟೈರು ಪೇರಿಸಿದ್ದ ಮೂಲೆಗೆ ಕರೆದುಕೊಂಡು ಹೋದ.

"ಮೆಲ್ಲಗೆ ಮಾತಾಡು."

"ನಾನಿನ್ನೂ ಮಾತೇ ಆಡಿಲ್ಲ ಭಾವ."

"ನೋಡು, ಬಂದಿದ್ದೇ ಕೆಲವು ಸೆಟ್ಟು. ಕೇಳಿದೋರಿಗೆಲ್ಲ ಕೊಡಬೇಡಿ ಅಂತ ಮೇಲಿಂದ ಹೇಳಿದ್ರು. ಕೂಗಾಡೋರಿಗೆ ಮೊದಲು ಹಾಕಬೇಕಾಗುತ್ತೆ. ನೀನು ಮನೆಯವಳು, ಸಹಿಸ್ಕೋತೀಯ ಅಂದುಕೊಂಡೆ."

"ಸಹಿಸ್ಕೋತಿದ್ದೆ. 'ಈಗಿಲ್ಲ, ತಡ ಆಗುತ್ತೆ' ಅಂದಿದ್ರೆ ಬಾಯಿ ಮುಚ್ಕೊಂಡು ಸಹಿಸ್ಕೋತಿದ್ದೆ. ನಮ್ಮ ಮಾವನ ಹೆಸರು ಯಾಕೆ ತಂದ್ರಿ?"

ಭಾವ ಪೆನ್ಸಿಲ್ ತೆಗೆದು ಬೆರಳಲ್ಲಿ ತಿರುಗಿಸಿದ. "ಏನೋ, ಬಾಯಿಗೆ ಬಂತು."

ದ್ವೇಷಕ್ಕೆ ಹೇಳಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳ ಮನೆಯ ನೆಮ್ಮದಿ ಕೆಡಿಸಿದ ಮಾತಿಗೆ ಹಿಂದೆ ಮುಂದೆ ಒಂದು ಕಾರಣವೂ ಇರಲಿಲ್ಲ. ಬಾಯಿಗೆ ಬಂತು, ಉಗುಳಿದ, ಮರೆತ.

ಆಗ ಅವಳು ಕೂಗಿದಳು. ಗಿರಾಕಿಗಳು ಕೂರುವ ಹಾಲಿನ ನಡುವೆ ನಿಂತು, ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರು ಎದ್ದು ಬರುವಷ್ಟು ಜೋರಾಗಿ ಕೂಗಿದಳು. ರಬ್ಬರಿನ ವಿಷಯ ಹೇಳಿದಳು, ಸುಳ್ಳಿನ ವಿಷಯ ಹೇಳಿದಳು, ಈ ಮನುಷ್ಯ ನನ್ನ ಸ್ವಂತ ಅಕ್ಕನ ಗಂಡ ಎಂಬುದನ್ನೂ ಹೇಳಿದಳು. ಮ್ಯಾನೇಜರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಸಂಜೆಯೊಳಗೆ ನಾಲ್ಕು ಬಾಗಿಲಿಗೂ ಹೊಸ ಪಟ್ಟಿ ಹಾಕಿಸಿಕೊಟ್ಟರು. ಸ್ಟೋರಿನಲ್ಲಿ ಸೆಟ್ಟು ಇತ್ತು! ಭಾವ ಹತ್ತಿರ ಬಂದಾಗ, "ನೀವು ಮುಟ್ಟಬೇಡಿ" ಎಂದಳು. ಬೇರೊಬ್ಬ ಮೆಕ್ಯಾನಿಕ್ ಹಳೆಯ ರಬ್ಬರನ್ನು ಕಿತ್ತು, ಅಂಟು ಕೆರೆದು, ಹೊಸದನ್ನು ಅಂಗೈಯಿಂದ ಒತ್ತುತ್ತ ಕೂರಿಸಿದ.

ಮನೆಗೆ ಹೋಗಿ ಮಾವನ ಎದುರು ನೆಲದ ಮೇಲೆ ಕೂತಳು. ನಡೆದದ್ದನ್ನೆಲ್ಲ ಹೇಳಿ, "ನನ್ನಿಂದ ತಪ್ಪಾಯ್ತು ಮಾವ" ಎಂದಳು.

"ನಂಗೆ ಗೊತ್ತಿತ್ತಲ್ಲಮ್ಮ. ಸೋಪು ಹಾಕಿರಲಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

"ಮತ್ತೆ ಯಾಕೆ ಜಗಳ ಆಡಲಿಲ್ಲ? ಬೈಯಬೇಕಿತ್ತು ನನ್ನ."

"ನಿನಗಿರೋದು ಅದೊಂದು ಮನೆ. ನಿಮ್ಮ ಭಾವ ಸುಳ್ಳುಗಾರ ಅಂತ ನಾನು ಹೇಳಿ, ನೀನು ಅಲ್ಲಿಗೆ ಹೋಗೋದು ಬಿಟ್ರೆ, ನಾಳೆ ನಾನು ಹೋದ ಮೇಲೆ ನಿನಗೆ ಯಾರು?" ಕನ್ನಡಕ ತೆಗೆದು ಒರೆಸುತ್ತ ಮತ್ತೆ ಹೇಳಿದರು: "ಬೇಜಾರಾಗಲಿಲ್ಲ ಅಂತ ಹೇಳಲ್ಲ. ಆಯ್ತು. ನೀನು ಇನ್ನೊಂದು ಸಲ ಕೇಳ್ತೀಯೇನೋ ಅಂತ ಕಾಯ್ತಿದ್ದೆ."

ಅಷ್ಟರಲ್ಲಿ ಅಕ್ಕನ ಫೋನು ಬಂತು. ಅಕ್ಕ ತನ್ನ ಪರವಾಗಿ ಗಂಡನಿಗೆ ಚೆನ್ನಾಗಿ ಉಗಿದಿರುತ್ತಾಳೆ, ಅದನ್ನೇ ಹೇಳಲು ಮಾಡಿದ್ದಾಳೆ ಎಂದುಕೊಂಡು ಎತ್ತಿದಳು.

"ಅಷ್ಟು ಜನರ ಮುಂದೆ ಅವರ ಮಾನ ಕಳೆದೆಯಲ್ಲೇ! ಒಂದು ರಬ್ಬರ್ ಪಟ್ಟಿಗೆ!"

"ಅಕ್ಕಾ, ಅವರು ಏನು ಮಾಡಿದ್ರು ಅಂತ ಗೊತ್ತಾ ನಿನಗೆ?"

"ಗೊತ್ತು. ಅವತ್ತೇ ಹೇಳಿದ್ರು. ಏನಾಯ್ತೀಗ? ಸೆಟ್ಟು ಬಂದ ಮೇಲೆ ನಿನಗೂ ಹಾಕಿಸ್ತಿದ್ರು."

"ಅವತ್ತೇ ಅಂದ್ರೆ?"

ಅಕ್ಕ ತಡವರಿಸಿದಳು. ಬಾಯಿ ಜಾರಿದ್ದು ಅವಳಿಗೂ ಗೊತ್ತಾಯಿತು. "ನೀನು ಗಾಡಿ ತೋರಿಸಿದ ದಿನ."

ಫೋನಿನ ಆಚೆ ಅಕ್ಕ ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಇವಳ ಕಣ್ಣ ಮುಂದೆ ಅಕ್ಕನ ಅಡುಗೆಮನೆ. ತಾನು ಕೂತು ಆ ಮುದುಕರನ್ನು ಬಾಯಿಗೆ ಬಂದಂತೆ ಅಂದದ್ದು. ಎಲ್ಲ ಗೊತ್ತಿದ್ದೂ ಅಕ್ಕ ಹೂಂಗುಟ್ಟಿದ್ದು. ಸಹಿಸ್ಕೋ ಎಂದು ಬೆನ್ನು ಸವರಿದ್ದು. ಭಾವ ಹೊರಗಿನಿಂದ ಬಂದವನು, ನೌಕರಿಯ ಭಯಕ್ಕೆ ಹೇಳಿದ ಎಂದಾದರೂ ಅಂದುಕೊಳ್ಳಬಹುದಿತ್ತು. ಅಕ್ಕ ತನ್ನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವಳು. ಮಾವನೇ ಇವಳ ಕೈಯಿಂದ ಫೋನು ತೆಗೆದುಕೊಂಡು ಮೇಜಿನ ಮೇಲಿಟ್ಟರು.

ಹೊಸ ರಬ್ಬರ್ ಚೆನ್ನಾಗಿ ನಿಂತಿತು. ಗಾಳಿ, ನೀರು, ಕಪ್ಪು ಎಲ್ಲ ನಿಂತವು, ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ಮರಳಿದರು. ಗಾಡಿ ತೊಳೆಯಿರಿ ಎಂದು ಅವಳು ಮಾವನನ್ನು ಕೇಳಿಕೊಂಡಳು. "ಮಂಡಿ ನೋವಮ್ಮ, ಆಗಲ್ಲ" ಎಂದರು. ಆದರೆ ಅದೇ ಮಂಡಿಯಲ್ಲಿ ಸಂಜೆ ಪಾರ್ಕಿನ ತನಕ ನಡೆದುಹೋಗಿ ಬರುತ್ತಿದ್ದರು. ಅವಳು ಒತ್ತಾಯ ಮಾಡಲಿಲ್ಲ. ಉಪ್ಪಿನ ತಗಾದೆ ಮಾತ್ರ ಮತ್ತೆ ಶುರುವಾಯಿತು. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡಳು.

ಭಾವನೊಂದಿಗೆ ಮಾತು ನಿಂತಿತು. ಅಕ್ಕನೊಂದಿಗೆ ನಿಲ್ಲಲಿಲ್ಲ. ಚೆನ್ನಾಗಿದೀಯಾ, ಚೆನ್ನಾಗಿದೀನಿ ಎನ್ನುವಷ್ಟಕ್ಕೆ ಬಂದು ನಿಂತಿತ್ತು. ವರ್ಷ ಕಳೆದ ಮೇಲೆ ಅಕ್ಕನೇ ಒಂದು ದಿನ ಫೋನ್ ಮಾಡಿ, ಎದೆಯಲ್ಲಿ ಗಂಟಿನಂತೇನೋ ಸಿಕ್ಕಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದಳು. ಇವಳು ಮರುಮಾತಿಲ್ಲದೆ ಹೋದಳು. ದಾರಿಯಲ್ಲಿ ಅಕ್ಕ, "ಇನ್ನೂ ಸಿಟ್ಟಾ ನಿನಗೆ?" ಎಂದು ಕೇಳಿದಳು.

"ಸಿಟ್ಟಿಲ್ಲ ಅಕ್ಕ." ಅದು ನಿಜವೇ ಆಗಿತ್ತು.

ಅಕ್ಕ ಒಳಗೆ ಒಬ್ಬಳೇ ಹೋದಳು, ತಂಗಿ ಜೊತೆಗೆ ಬರುವುದು ಬೇಡವೆಂದಳು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ಸೀಟಿನಲ್ಲಿ ಕೂತು, "ಏನೂ ಇಲ್ಲವಂತೆ ಕಣೇ, ಡಾಕ್ಟ್ರು ಹೇಳಿದ್ರು" ಎಂದಳು.

ಮೊದಲಾಗಿದ್ದರೆ ಅವಳು ಉಸಿರು ಬಿಟ್ಟು, ಅತ್ತು, ನಕ್ಕು, ಊರಿಗೆಲ್ಲ ಹೇಳಿಬಿಡುತ್ತಿದ್ದಳು. ಈಗ ಕನ್ನಡಿಯಲ್ಲಿ ಅಕ್ಕನ ಮುಖ ನೋಡಿದಳು. ಅಡುಗೆಮನೆಯಲ್ಲಿ ನೋಡುತ್ತಿದ್ದ ಅದೇ ಶಾಂತವಾದ ಮುಖ. ನಿಜ ಹೇಳುತ್ತಿದ್ದಾಳೋ, ಇಲ್ಲವೋ, ಅದರಿಂದ ಏನೂ ತಿಳಿಯಲಿಲ್ಲ. ಕೇಳಬೇಕೆಂದುಕೊಂಡಳು, ಕೇಳಿದರೂ ಸಿಗುವ ಉತ್ತರ ಆ ಬಾಯಿಂದಲೇ ಬರಬೇಕಲ್ಲ. "ಒಳ್ಳೇದಾಯ್ತು ಅಕ್ಕ" ಎಂದು ಹೇಳಿ ಗಾಡಿ ತಿರುಗಿಸಿದಳು.