ಬಾಗಿಲಿಗೆ ಅಡ್ಡ ಇಟ್ಟ ಪೊರಕೆ

ಐವತ್ತರ ದಶಕದಲ್ಲಿ ನಾನು ಶಿಡ್ಲಘಟ್ಟದ ಒಂದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ, ನೆಲ ತೊಳೆಯಲು ಒಬ್ಬ ಅಮ್ಮ ಬರುತ್ತಿದ್ದರು. ಗೂಡು ಬೇಯಿಸಿದ ನೀರು ಚೆಲ್ಲಿ ಅಲ್ಲಿ ನೆಲ ಎಣ್ಣೆ ಸವರಿದಂತೆ ಜಾರುತ್ತಿತ್ತು. ಜಾರಿದವರು ಬೀಳುವುದು ಕುದಿಯುವ ಬೇಸಿನ್ನಿನ ಮೇಲೆ. ಆಕೆ ಬೂದಿ ಹಾಕಿ ಉಜ್ಜಿ ತೊಳೆದು, ಬಾಗಿಲಿಗೆ ಅಡ್ಡವಾಗಿ ಪೊರಕೆ ಮಲಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಪೊರಕೆ ದಾಟಿದರೆ ದರಿದ್ರ ಅಂತ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಅವಸರ ಮಾಡಿದವರಿಗೆಲ್ಲ ತೆಲುಗಿನಲ್ಲಿ ಒಂದೇ ಮಾತು: "ಆರನೀ ನಾಯನಾ." ಒಣಗಲಿ ತಡಿಯಪ್ಪ ಎಂದು.

ಒಂದು ದಿನ ಶೆಡ್ಡಿನ ಸಾಹುಕಾರರೇ ರೇಷ್ಮೆ ಕೊಳ್ಳುವವರೊಬ್ಬರನ್ನು ಕರೆತಂದರು.

"ಪೊರಕೆ ತೆಗಿಯಮ್ಮ, ದೊಡ್ಡೋರು ಬಂದವ್ರೆ."

"ಆರನೀ ನಾಯನಾ."

ಸಾಹುಕಾರರು ಎತ್ತಿದ ಕಾಲನ್ನು ಹಿಂದಕ್ಕಿಟ್ಟರು. ನೆಲ ಒಣಗುವವರೆಗೂ ಇಬ್ಬರೂ ಬಿಸಿಲಲ್ಲಿ ನಿಂತಿದ್ದು, ಆಮೇಲೆ ಒಳಗೆ ಬಂದು ವ್ಯಾಪಾರ ಮುಗಿಸಿದರು.

ಮರುದಿನ ನೋಡಿದರೆ, ಆಕೆಯೇ ಬಕೆಟ್ಟು ಹಿಡಿದು ಆ ಪೊರಕೆಯನ್ನು ದಾಟಿಕೊಂಡು ಹೊರಗೆ ಬಂದರು.

"ದರಿದ್ರ ಅಲ್ವೇನಮ್ಮಾ?" ಎಂದೆ.

"ಪೊರಕೆಗೇನು ದರಿದ್ರ ಬಿಡಪ್ಪ," ಎಂದು ನಕ್ಕರು. "ನೆಲ ಜಾರ್ತದೆ ಅಂದ್ರೆ ನೀವು ಕೇಳ್ತೀರಾ? ಅದಕ್ಕೇ ಇಡ್ತೀನಿ."