ಲಂಡನ್ನಿನಲ್ಲಿ ತೊಳೆದ ತಟ್ಟೆ

“ಅಲ್ಲಿ ಗಂಡಸರೇ ತಟ್ಟೆ ತೊಳೀತಾರೆ ಗೊತ್ತಾ? ನಮ್ಮೋರು ಕಲೀಬೇಕು ಗುರು!” ಎಂದು ಭಾವ ನನ್ನ ಮುಂದೆ ಫೋಟೋ ಹಿಡಿದರು. ಬೇಸಿಗೆಯಿಡೀ ಲಂಡನ್ನಿನ ಗೆಳೆಯನ ಮನೆಯಲ್ಲಿದ್ದು ಆಗಷ್ಟೇ ಹಲಸೂರಿಗೆ ಮರಳಿದ್ದರು. ಫೋಟೋದಲ್ಲಿ ಏಪ್ರನ್ ಕಟ್ಟಿಕೊಂಡು ಸಿಂಕಿನೆದುರು ಹಲ್ಲು ಕಿರಿಯುತ್ತಿದ್ದರು. ಉಪದೇಶವೂ ಮುದ್ದೆ ಬಸ್ಸಾರೂ ಒಟ್ಟಿಗೇ ಮುಗಿದವು. ಭಾವ ತಟ್ಟೆಯಲ್ಲೇ ಕೈ ತೊಳೆದು, ಅದನ್ನು ಅಲ್ಲೇ ಬಿಟ್ಟು ಎದ್ದರು.

“ಅಲ್ಲಿ ತೊಳೆದ ಕೈಗೆ ಇಲ್ಲೇನಾಯ್ತು ರೀ?” ಎಂದಳು ಅಕ್ಕ.

“ಅದು ಬೇರೆಯೋರ ಮನೆ ಕಣೇ. ಇದು ನಮ್ಮನೆ ಅಲ್ವಾ?”

ಅಕ್ಕ ಮರುದಿನವೇ ಆ ಫೋಟೋಗೆ ಚೌಕಟ್ಟು ಹಾಕಿಸಿ ಅಡುಗೆಮನೆಯ ಸಿಂಕಿನ ಮೇಲೆ ತೂಗುಹಾಕಿದಳು. ತಟ್ಟೆ ತೊಳೆಯುತ್ತಿದ್ದ ಆ ಪುಣ್ಯಾತ್ಮ ಲಂಡನ್ನಿನಲ್ಲೇ ತೀರಿಕೊಂಡನೆಂದೇ ಅವಳ ಲೆಕ್ಕ. ಫೋಟೋಗೆ ಹಾರ ಹಾಕುವುದೊಂದೇ ಬಾಕಿ.